ವೆಬ್ ಅಪ್ಲಿಕೇಷನ್‌ಗೆ ಲಾಗಿಂಗ್ ಅಳವಡಿಸುವುದು ಹೇಗೆ?

ಚಿಕ್ಕಮಗಳೂರು ಸುತ್ತಮುತ್ತಲಿನ ಹೋಂಸ್ಟೇಗಳಲ್ಲಿ ಕೆಲವು ತಮ್ಮದೇ ಜಾಲತಾಣದ ಮೂಲಕ ಕೊಠಡಿ ಕಾಯ್ದಿರಿಸುವ ವ್ಯವಸ್ಥೆಯನ್ನು ಮಾಡಿಕೊಂಡಿವೆ. ಮುಳ್ಳಯ್ಯನಗಿರಿಗೆ ಹೊರಟ ಪ್ರವಾಸಿಗರೊಬ್ಬರು ದಾರಿಯಲ್ಲೇ ಮೊಬೈಲ್‌ನಿಂದ ಹಣ ಪಾವತಿಸುವಾಗ ನೆಟ್‌ವರ್ಕ್ ಕೈಕೊಟ್ಟು, ಖಾತೆಯಿಂದ ಹಣ ಕಡಿತವಾದರೂ ಕೊಠಡಿ ಖಾತ್ರಿಯ ಸಂದೇಶ ಬಾರದೇ ಹೋಗಬಹುದು. ದೂರು ಬಂದ ಮೇಲೆ ಡೆವಲಪರ್ ತಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆ ಹೊತ್ತಿನಲ್ಲಿ ಸರ್ವರ್‌ನಲ್ಲಿ ಏನಾಯಿತು ಎಂಬುದನ್ನು ತಿಳಿಯಲು ಉಳಿಯುವ ದಾರಿ ಲಾಗ್, ಅಂದರೆ ಅಪ್ಲಿಕೇಷನ್ ತನ್ನಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ದಾಖಲೆ, ಒಂದೇ. ಇಲ್ಲಿನ ವಿವರಣೆ ಪೈಥಾನ್ ಭಾಷೆಯನ್ನು ಆಧರಿಸಿದೆ. ಜಾವಾದಲ್ಲಿ ಲಾಗ್‌ಬ್ಯಾಕ್, ಪಿಎಚ್‌ಪಿಯಲ್ಲಿ ಮೊನೊಲಾಗ್ ಎಂಬ ಲೈಬ್ರರಿ ಬಳಸುವವರಿಗೂ ಕ್ರಮ ಬಹುತೇಕ ಇದೇ.

ಮೊದಲು, ಕೋಡಿನ ಅಲ್ಲಲ್ಲಿ ಹಾಕಿರುವ ಪ್ರಿಂಟ್ ಸಾಲುಗಳನ್ನು ತೆಗೆಯಿರಿ. ಅವುಗಳಲ್ಲಿ ಸಮಯವಾಗಲಿ, ಗಂಭೀರತೆಯಾಗಲಿ, ಯಾವ ಭಾಗದಿಂದ ಬಂದದ್ದು ಎಂಬ ಗುರುತಾಗಲಿ ತಾನಾಗಿ ಇರುವುದಿಲ್ಲ. 2003ರಲ್ಲಿ ಬಂದ 2.3ನೇ ಆವೃತ್ತಿಯಿಂದಲೂ ಪೈಥಾನ್ ಜೊತೆಯಲ್ಲೇ ಸಿಗುವ ಲಾಗಿಂಗ್ ಮಾಡ್ಯೂಲ್ ಬಳಸಿ, ಪ್ರತಿ ಕಡತಕ್ಕೂ ಅದರದೇ ಹೆಸರಿನ ಲಾಗರ್ (ಲಾಗ್ ಸಾಲು ಬರೆಯುವ ಸಾಧನ) ಪಡೆಯಿರಿ. ಆದರೆ ಸಂರಚನೆಯನ್ನು ಅಪ್ಲಿಕೇಷನ್ ಆರಂಭವಾಗುವ ಒಂದೇ ಜಾಗದಲ್ಲಿ ಮಾಡಿ. ಏನೂ ಹೇಳದಿದ್ದರೆ ಈ ಮಾಡ್ಯೂಲ್ ವಾರ್ನಿಂಗ್ (ಎಚ್ಚರಿಕೆ) ಹಾಗೂ ಅದಕ್ಕಿಂತ ಗಂಭೀರವಾದವನ್ನು ಮಾತ್ರ ತೋರಿಸುತ್ತದೆ. ಇನ್ಫೋ (ಬರೀ ಮಾಹಿತಿಯ) ಸಾಲುಗಳು ಕಾಣುತ್ತಿಲ್ಲವೆಂದು ಹೊಸಬರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇದರಿಂದಲೇ.

ಎರಡನೆಯದು ಗಂಭೀರತೆಯ ಹಂತಗಳ ಆಯ್ಕೆ. ಡಿಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50 ಎಂಬ ಐದು ಹಂತಗಳಿವೆ. ಕೊಠಡಿ ಖಾಲಿ ಇಲ್ಲದಿರುವುದು ದೋಷವಲ್ಲ, ಅದು ಇನ್ಫೋ. ಹಣ ಪಾವತಿ ನಡೆಸಿಕೊಡುವ ಸೇವೆಯಾದ ಪೇಮೆಂಟ್ ಗೇಟ್‌ವೇ ಮೊದಲ ಸಲ ಉತ್ತರಿಸದೆ ಎರಡನೇ ಸಲ ಉತ್ತರಿಸಿದರೆ ವಾರ್ನಿಂಗ್. ಹಣ ಬಂದೂ ಬುಕಿಂಗ್ ದಾಖಲಾಗದಿದ್ದರೆ ಎರರ್. ಎಲ್ಲವನ್ನೂ ಎರರ್ ಎಂದು ಬರೆದಿಟ್ಟರೆ ವಾರ ಕಳೆಯುವಷ್ಟರಲ್ಲಿ ಲಾಗನ್ನು ಯಾರೂ ತೆರೆದು ನೋಡುವುದಿಲ್ಲ.

ಹೆಚ್ಚಿನ ಶ್ರಮ ಹಾಕಬೇಕಾದದ್ದು ಮೂರನೆಯ ಕೆಲಸದಲ್ಲಿ, ಅಂದರೆ ಸಾಲಿನ ಒಳಗೆ ಏನಿರಬೇಕು ಎಂಬಲ್ಲಿ. ‘ಪಾವತಿ ವಿಫಲ’ ಎಂದಷ್ಟೇ ಬರೆದ ಸಾಲು ಇದ್ದೂ ಇಲ್ಲದಂತೆ. ಬದಲಿಗೆ ಹೀಗೆ ಬರೆಯಬಹುದು:

2025-07-19T21:42:07+05:30 ಎರರ್ ರಿಕ್ವೆಸ್ಟ್=7314 ಬುಕಿಂಗ್=1184 ಮೊತ್ತ=4500 ಗೇಟ್‌ವೇ=ಯಶಸ್ವಿ ಡೇಟಾಬೇಸ್=ಟೈಮ್‌ಔಟ್

ಹಣ ಬಂದಿದೆ, ಡೇಟಾಬೇಸ್ ಉತ್ತರಿಸದ ಕಾರಣ ಕೊಠಡಿ ಮಾತ್ರ ದಾಖಲಾಗಿಲ್ಲ ಎಂಬುದು ಇದನ್ನು ಓದಿದ ಕೂಡಲೇ ತಿಳಿಯುತ್ತದೆ. ಹಣ ಹಿಂದಿರುಗಿಸಬೇಕೋ, ಕೊಠಡಿ ಖಾತ್ರಿ ಮಾಡಬೇಕೋ ಎಂದು ಮಾಲೀಕರು ಅಲ್ಲಿಯೇ ನಿರ್ಧರಿಸಬಹುದು. ಏಕಕಾಲಕ್ಕೆ ಹಲವರು ಜಾಲತಾಣ ಬಳಸುವಾಗ ಅವರೆಲ್ಲರ ಸಾಲುಗಳು ಒಂದರೊಳಗೊಂದು ಬೆರೆಯುವುದರಿಂದ, ಪ್ರತಿ ರಿಕ್ವೆಸ್ಟ್ (ಸರ್ವರಿಗೆ ಬರುವ ಕೋರಿಕೆ) ಒಳಬರುವಾಗಲೇ ಅದಕ್ಕೊಂದು ಗುರುತು ಸಂಖ್ಯೆ ಕೊಟ್ಟು, ಅದಕ್ಕೆ ಸಂಬಂಧಿಸಿದ ಎಲ್ಲ ಸಾಲುಗಳಲ್ಲಿಯೂ ಅದು ಬರುವಂತೆ ಮಾಡಿ. ದೋಷ ತೋರಿಸುವ ಪುಟದಲ್ಲಿಯೂ ಅದೇ ಸಂಖ್ಯೆ ಇದ್ದರೆ ಪ್ರವಾಸಿಗರು ಫೋನಿನಲ್ಲಿ ಅದನ್ನು ಹೇಳಿದರೆ ಸಾಕು. ಆದರೆ ಗೇಟ್‌ವೇ ಹಣ ಬಂದ ಸುದ್ದಿಯನ್ನು ನಮ್ಮ ಸರ್ವರ್‌ಗೆ ನೇರವಾಗಿ ತಿಳಿಸುವಾಗ ಅದು ಬೇರೆಯದೇ ರಿಕ್ವೆಸ್ಟ್ ಆಗಿರುತ್ತದೆ. ಎರಡನ್ನೂ ಜೋಡಿಸುವುದು ಬುಕಿಂಗ್ ಸಂಖ್ಯೆ. ಆದ್ದರಿಂದ ಅದನ್ನು ಬಿಡುವಂತಿಲ್ಲ. ದೋಷವನ್ನು ಹಿಡಿಯುವ ಕಡೆಗಳಲ್ಲಿ ಎರರ್ ಬದಲು ಲಾಗರ್‌ನ ಎಕ್ಸೆಪ್ಷನ್ ವಿಧಾನ ಬಳಸಿದರೆ, ಕೋಡಿನ ಯಾವ ಸಾಲಿನಲ್ಲಿ ಎಡವಟ್ಟಾಯಿತು ಎಂಬ ಪೂರ್ಣ ಜಾಡೂ ಸಿಗುತ್ತದೆ.

ಬರೆಯಬಾರದ್ದು ಯಾವುದು ಎಂಬುದೂ ಅಷ್ಟೇ ಮುಖ್ಯ. ಪಾಸ್‌ವರ್ಡ್, ಒಟಿಪಿ, ಕಾರ್ಡ್ ಸಂಖ್ಯೆ, ಅತಿಥಿಗಳಿಂದ ಪಡೆದ ಆಧಾರ್ ವಿವರ ಇವು ಲಾಗ್‌ಗೆ ಎಂದಿಗೂ ಹೋಗಕೂಡದು. ಒಳಬಂದ ಫಾರ್ಮನ್ನು ಇಡಿಯಾಗಿ ಲಾಗ್‌ಗೆ ಸುರಿಯುವ ಅಭ್ಯಾಸದಿಂದ ಇವು ಗೊತ್ತಿಲ್ಲದೆಯೇ ನುಸುಳುತ್ತವೆ. ಪಾಸ್‌ವರ್ಡ್‌ಗಳು ಇದ್ದದ್ದು ಇದ್ದ ಹಾಗೆಯೇ ತನ್ನ ಆಂತರಿಕ ಲಾಗ್‌ನಲ್ಲಿ ದಾಖಲಾಗುತ್ತಿದ್ದವು ಎಂದು 2018ರ ಮೇ ತಿಂಗಳಲ್ಲಿ ಟ್ವಿಟರ್ ಪ್ರಕಟಿಸಿ, ಬಳಕೆದಾರರೆಲ್ಲರೂ ಪಾಸ್‌ವರ್ಡ್ ಬದಲಿಸುವಂತೆ ಕೋರಬೇಕಾಯಿತು. ದೂರವಾಣಿ ಸಂಖ್ಯೆ ಬೇಕೇ ಬೇಕೆಂದಾದರೆ ಕೊನೆಯ ನಾಲ್ಕು ಅಂಕಿ ಸಾಕು. ಬಳಕೆದಾರರು ತುಂಬಿದ ಹೆಸರಿನಲ್ಲಿ ಹೊಸಸಾಲಿನ ಚಿಹ್ನೆಯಿದ್ದರೆ ಅದನ್ನು ತೆಗೆದೇ ಬರೆಯಿರಿ; ಇಲ್ಲವಾದರೆ ಕಿಡಿಗೇಡಿಗಳು ಸುಳ್ಳು ಸಾಲುಗಳನ್ನು ಸೇರಿಸಲು ಅವಕಾಶವಾಗುತ್ತದೆ.

ಇನ್ನು ಸಮಯ ಮತ್ತು ಸಂಗ್ರಹಣೆ. ಕ್ಲೌಡ್ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನದಲ್ಲಿ ಇರುವುದರಿಂದ, ನಮ್ಮ ಮುಂಜಾವಿನ 2 ಗಂಟೆಯ ಬುಕಿಂಗ್ ಅಲ್ಲಿ ಹಿಂದಿನ ದಿನದ ರಾತ್ರಿ 8.30 ಎಂದು ದಾಖಲಾಗುತ್ತದೆ. ಯಾವ ಕಾಲಮಾನವಾದರೂ ಸರಿ, ಮೇಲಿನ ಉದಾಹರಣೆಯಂತೆ ಯುಟಿಸಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು (+05:30) ಸಾಲಿನಲ್ಲೇ ನಮೂದಿಸಿ. ಸೇವಾದಾತರು, ಕಂಪನಿಗಳು ಮೊದಲಾದವರು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನಗಳ ಕಾಲ ಸುರಕ್ಷಿತವಾಗಿ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿದೆ. ಹೀಗಿರುವಾಗ ಫೈಲಿನ ಗಾತ್ರ ನೋಡಿ ಹಳೆಯದನ್ನು ಅಳಿಸುವ ಕ್ರಮ ತಕ್ಕದ್ದಲ್ಲ; ಪ್ರವಾಸಿಗರು ಮುಗಿಬೀಳುವ ರಜಾ ದಿನಗಳಲ್ಲಿ ಫೈಲ್ ಬೇಗ ತುಂಬಿ, ಅವಧಿ ಮುಗಿಯುವ ಮುನ್ನವೇ ಹಳೆಯ ಸಾಲುಗಳು ಅಳಿದುಹೋಗುತ್ತವೆ. ಲಿನಕ್ಸ್‌ನ ಲಾಗ್‌ರೊಟೇಟ್ ಬಳಸಿ ದಿನಕ್ಕೊಂದು ಫೈಲ್ ಮಾಡಿ, ಕುಗ್ಗಿಸಿ, 180ಕ್ಕಿಂತ ತುಸು ಹೆಚ್ಚು ಫೈಲ್‌ಗಳನ್ನು ಉಳಿಸಿಕೊಳ್ಳುವುದು ಸುಲಭ. ಅಪ್ಲಿಕೇಷನ್ ಹಲವು ಪ್ರಕ್ರಿಯೆಗಳಾಗಿ ನಡೆಯುತ್ತಿದ್ದರೆ ಅವೆಲ್ಲವೂ ಒಂದೇ ಫೈಲಿಗೆ ಬರೆಯುವುದನ್ನು ಪೈಥಾನ್‌ನ ಲಾಗಿಂಗ್ ಬೆಂಬಲಿಸುವುದಿಲ್ಲ ಎಂಬುದನ್ನೂ ಗಮನಿಸಿ.

ಅಳವಡಿಕೆ ಮುಗಿದ ಮೇಲೆ ಗೇಟ್‌ವೇಯನ್ನು ಪರೀಕ್ಷಾ ಸ್ಥಿತಿಯಲ್ಲಿಟ್ಟು, ಮೊಬೈಲ್‌ನಿಂದ ಬುಕಿಂಗ್ ಆರಂಭಿಸಿ, ಪಾವತಿಯ ನಡುವೆ ಬೇಕೆಂದೇ ಏರೋಪ್ಲೇನ್ ಮೋಡ್ ಹಾಕಿ. ಆ ಕೋಡ್ ಬರೆಯದ ಒಬ್ಬರಿಗೆ ಲಾಗ್ ಮಾತ್ರ ಕೊಟ್ಟು, ನಡೆದದ್ದೇನೆಂದು ಕೇಳಿ. ಅವರು ಹೇಳಲಾಗದೆ ನಿಂತ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿ.