ಕ್ಯಾನೊಬೊಲಾಸ್ ಬೆಟ್ಟದ ಇಳಿಜಾರಿನಲ್ಲಿ ಶಾರ್ಡನೇ ಬೆಳೆದ ನನ್ನ ಅನುಭವ

ಆರೆಂಜ್‌ನಲ್ಲಿ ದ್ರಾಕ್ಷಿ ತೋಟದ ಮಾತು ಬಂದರೆ ಮೊದಲು ಕೇಳುವುದು ಎಷ್ಟು ಎಕರೆ ಅಂತಲ್ಲ, ಎಷ್ಟು ಎತ್ತರದಲ್ಲಿದೆ ಅಂತ. ಈ ಊರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ, ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿದೆ. ಇಲ್ಲಿನ ವೈನ್ ಪ್ರದೇಶದ ಗಡಿಯನ್ನೇ ಎತ್ತರ ನೋಡಿ ಹಾಕಿದ್ದಾರೆ. ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಮೇಲಿದ್ದರೆ ಮಾತ್ರ ಅದು ಆರೆಂಜ್. ತೋಟಗಳು ಅಲ್ಲಿಂದ ಸಾವಿರ ಮೀಟರ್ ದಾಟಿಯೂ ಹಬ್ಬಿವೆ. ಎಲ್ಲದರ ಹಿಂದೆ ಕ್ಯಾನೊಬೊಲಾಸ್ ಬೆಟ್ಟ ನಿಂತಿದೆ. ಸುಮಾರು 1,395 ಮೀಟರ್ ಎತ್ತರದ, ಎಂದೋ ಆರಿಹೋದ ಜ್ವಾಲಾಮುಖಿ ಅದು. ಚಳಿಗಾಲದಲ್ಲಿ (ಇಲ್ಲಿ ಅದು ಜೂನ್‌ನಿಂದ ಆಗಸ್ಟ್) ಅದರ ತಲೆ ಮೇಲೆ ಹಿಮ ಬೀಳುತ್ತದೆ.

ನಾನು ಮೊದಲು ಇಲ್ಲಿ ಬೇರೆಯವರ ತೋಟಗಳಲ್ಲಿ ಕೂಲಿಗೆ ಬಳ್ಳಿ ಸವರುತ್ತಿದ್ದೆ, ತಂತಿ ಕಟ್ಟುತ್ತಿದ್ದೆ. ಆಮೇಲೆ ಸುಮಾರು 900 ಮೀಟರ್ ಎತ್ತರದಲ್ಲಿ ಬಿಳಿ ವೈನ್ ದ್ರಾಕ್ಷಿಯಾದ ಶಾರ್ಡನೇ ಇರುವ ಒಂದು ಸಣ್ಣ ತುಂಡನ್ನು ಗುತ್ತಿಗೆಗೆ ಹಿಡಿದೆ. ವೈನ್ ಮಾಡಲು ನನ್ನ ಹತ್ತಿರ ಸ್ವಂತ ಕಟ್ಟಡ ಇಲ್ಲ. ಅದಕ್ಕೆ ಪಕ್ಕದ ವೈನರಿಯ ಒಂದು ಮೂಲೆ ಬಾಡಿಗೆಗೆ ಸಿಗುತ್ತದೆ. ಬಳ್ಳಿ ಕೆಲಸ ಮಾತ್ರ ಪೂರ್ತಿ ನನ್ನದೇ.

ಎತ್ತರಕ್ಕೆ ಯಾಕಿಷ್ಟು ಮಹತ್ವ? ಪ್ರತಿ ನೂರು ಮೀಟರ್ ಮೇಲೆ ಹೋದಂತೆ ಉಷ್ಣತೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಇಳಿಯುತ್ತದೆ. ಕೇಳಲು ಸಣ್ಣದು ಅನಿಸುತ್ತದೆ. ಆದರೆ 600 ಮೀಟರ್‌ನಲ್ಲಿರುವ ತೋಟಕ್ಕೂ ನನ್ನದಕ್ಕೂ ಸುಮಾರು ಎರಡು ಡಿಗ್ರಿ ವ್ಯತ್ಯಾಸ ಬರುತ್ತದೆ, ಅದೂ ಇಡೀ ಬೆಳೆ ಕಾಲದುದ್ದಕ್ಕೂ. ಇದೇ ರಾಜ್ಯದ ಇನ್ನೊಂದು ವೈನ್ ಪ್ರದೇಶವಾದ ಹಂಟರ್ ವ್ಯಾಲಿ ಭೂಪಟದಲ್ಲಿ ಹೆಚ್ಚುಕಡಿಮೆ ನಮ್ಮ ಅಕ್ಷಾಂಶದಲ್ಲೇ ಇದೆ. ಅಲ್ಲಿ ಜನವರಿ ಕೊನೆಗೇ ಕೊಯ್ಲು ಶುರುವಾಗುತ್ತದೆ. ನನ್ನ ಶಾರ್ಡನೇ ಮಾರ್ಚ್‌ಗೆ ಮುಂಚೆ ಕೈಗೆ ಬರುವುದಿಲ್ಲ. ಕೆಳಗಿನ ತೋಟಗಳ ಕೆಂಪು ತಳಿಗಳೂ ಏಪ್ರಿಲ್ ಹೊತ್ತಿಗೆ ಬರುತ್ತವೆ.

ಈ ನಿಧಾನವೇ ಇಲ್ಲಿನ ಆಸ್ತಿ. ಬೆಚ್ಚಗಿದ್ದರೆ ಕಾಯಿಯಲ್ಲಿರುವ ಮ್ಯಾಲಿಕ್ ಆಮ್ಲವನ್ನು ಬಳ್ಳಿ ಬೇಗ ಉರಿಸಿಬಿಡುತ್ತದೆ. ಇಲ್ಲಿ ರಾತ್ರಿ ತಣ್ಣಗಿರುವುದರಿಂದ ಆ ಹುಳಿ ಉಳಿಯುತ್ತದೆ. ಹಗಲು ಬಿಸಿಲು ಚುರುಕಾಗಿರುವುದರಿಂದ ಸಕ್ಕರೆ, ಪರಿಮಳ ಎರಡೂ ಬರುತ್ತವೆ. ಹುಳಿ ಉಳಿದು ಹಣ್ಣು ಮಾಗಬೇಕು, ನಾನು ವರ್ಷವಿಡೀ ಮಾಡುವ ಕೆಲಸ ಇಷ್ಟಕ್ಕೇ.

ಮಣ್ಣಿನ ವಿಷಯ. ಬೆಟ್ಟದ ಸುತ್ತ ಬಸಾಲ್ಟ್ ಅನ್ನುವ ಜ್ವಾಲಾಮುಖಿ ಕಲ್ಲು ಸವೆದು ಆದ ಕೆಂಪು-ಕಂದು ಮಣ್ಣು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉದುರುತ್ತದೆ, ಆಳವಾಗಿದೆ, ನೀರು ಹಿಡಿಯುತ್ತದೆ. ಸೇಬು, ಚೆರಿ ತೋಟಗಳು ಇಲ್ಲಿ ಸುಮ್ನೆ ಬಂದಿದ್ದಲ್ಲ. ಆದರೆ ವೈನ್ ದ್ರಾಕ್ಷಿಗೆ ಇಷ್ಟು ಒಳ್ಳೆ ಮಣ್ಣು ಸ್ವಲ್ಪ ತೊಂದರೆಯೇ. ಬಳ್ಳಿ ಕಾಯಿಯ ಬದಲು ಎಲೆ ಬೆಳೆಸುತ್ತದೆ. ಎಲೆ ದಟ್ಟವಾದರೆ ಗೊಂಚಲು ಕತ್ತಲಲ್ಲಿ ಕೂರುತ್ತದೆ, ಗಾಳಿ ಆಡುವುದಿಲ್ಲ, ಕೊಳೆ ಬರುತ್ತದೆ. ಹಾಗಾಗಿ ಸಾಲುಗಳ ನಡುವಿನ ಹುಲ್ಲನ್ನು ನಾನು ಪೂರ್ತಿ ಕೀಳುವುದಿಲ್ಲ. ಅದು ಬಳ್ಳಿಯ ಜೊತೆ ನೀರಿಗೆ ಪೈಪೋಟಿ ಮಾಡಲಿ ಅಂತ ಬಿಡುತ್ತೇನೆ. ಗೊಬ್ಬರ ತೀರಾ ಕಡಿಮೆ. ಚಿಗುರು ಅಂಗೈ ಉದ್ದ ಆದಾಗ ಒಂದೊಂದು ಬಳ್ಳಿಯ ಮುಂದೆ ಬಗ್ಗಿ ಜೋಡಿ ಚಿಗುರುಗಳಲ್ಲಿ ಒಂದನ್ನು ಬೆರಳಲ್ಲೇ ಮುರಿಯುತ್ತೇನೆ. ಆ ಹೊತ್ತಲ್ಲಿ ಅದು ಟಕ್ಕೆಂದು ಬಿಡಿಸಿಕೊಳ್ಳುತ್ತದೆ. ಎರಡು ವಾರ ತಡವಾದರೆ ಕತ್ತರಿ ಬೇಕು, ಕೆಲಸ ಮೂರು ಪಟ್ಟು. ನನ್ನ ಸಾಲುಗಳು ಉತ್ತರ-ದಕ್ಷಿಣಕ್ಕಿವೆ. ಹಾಗಾಗಿ ಕಾಯಿ ಕಟ್ಟಿದ ಮೇಲೆ ಪೂರ್ವದ ಕಡೆ ಮಾತ್ರ ಗೊಂಚಲ ಹತ್ತಿರದ ಎಲೆ ತೆಗೆಯುತ್ತೇನೆ. ಬೆಳಗಿನ ಎಳೆ ಬಿಸಿಲು ಸಾಕು. ಪಶ್ಚಿಮದ ಕಡೆ ತೆಗೆದರೆ ಮಧ್ಯಾಹ್ನದ ಬಿಸಿಲಿಗೆ ಕಾಯಿ ಸುಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಇಷ್ಟು ಎತ್ತರದಲ್ಲಿ ಗಾಳಿ ತಣ್ಣಗಿದ್ದರೂ ಬಿಸಿಲಿನ ಯುವಿ (ನೇರಳಾತೀತ ಕಿರಣ) ಬಲವಾಗಿರುತ್ತದೆ.

ಇನ್ನು ಫ್ರಾಸ್ಟ್, ಅಂದರೆ ಚಳಿ ರಾತ್ರಿಯಲ್ಲಿ ಹುಲ್ಲು, ಚಿಗುರಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟುವ ಇಬ್ಬನಿ. ಇದರ ಬಗ್ಗೆ ಎಷ್ಟು ಬರೆದರೂ ಸಾಲದು. ಚಳಿಗಾಲದ ಹಿಮ ಬಳ್ಳಿಗೆ ಏನೂ ಮಾಡುವುದಿಲ್ಲ, ಆಗ ಬಳ್ಳಿ ನಿದ್ದೆಯಲ್ಲಿರುತ್ತದೆ. ಭಯ ಇರುವುದು ಸೆಪ್ಟೆಂಬರ್ ಕೊನೆಗೆ ಮೊಗ್ಗು ಒಡೆದ ಮೇಲೆ. ನವೆಂಬರ್‌ವರೆಗೂ ಅಪಾಯ ಹೋಗುವುದಿಲ್ಲ. ಶಾರ್ಡನೇ ಬೇರೆ ಮೊದಲೇ ಚಿಗುರುವ ತಳಿ. ಎಳೆ ಚಿಗುರಿಗೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಹೋದರೆ ಸಾಕು, ಮಧ್ಯಾಹ್ನದ ಹೊತ್ತಿಗೆ ಕಪ್ಪಾಗಿ ಜೋತುಬೀಳುತ್ತದೆ. ಆಮೇಲೆ ಪಕ್ಕದ ಮೊಗ್ಗು ಒಡೆಯುತ್ತದೆ ನಿಜ, ಆದರೆ ಅದರಲ್ಲಿ ಗೊಂಚಲು ಕಡಿಮೆ.

ತಣ್ಣನೆ ಗಾಳಿ ಭಾರ. ಅದು ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೇ ಗುತ್ತಿಗೆ ಹಿಡಿಯುವ ಮೊದಲು ನಾನು ಚಳಿಗಾಲದ ಬೆಳಗಿನ ಜಾವಗಳಲ್ಲಿ ಆ ಜಾಗದಲ್ಲಿ ನಡೆದಾಡಿದೆ. ಎಲ್ಲಿ ಹುಲ್ಲು ಬೆಳ್ಳಗಾಗಿದೆ, ಎಲ್ಲಿ ಇಲ್ಲ ಅಂತ ನೋಡಿ ಗುರುತು ಹಾಕಿಕೊಂಡೆ. ಇಳಿಜಾರಿನ ನಡುಭಾಗ ಹಸಿರಾಗಿಯೇ ಇತ್ತು. ತಳದಲ್ಲಿ ಬೇಲಿಯ ಪೊದೆಗಳು ಗಾಳಿಯನ್ನು ಅಣೆಕಟ್ಟಿನಂತೆ ತಡೆದಿದ್ದವು. ಮಾಲೀಕರ ಒಪ್ಪಿಗೆ ಪಡೆದು ಆ ಪೊದೆ ಕಡಿಸಿ ಗಾಳಿ ಹೊರಹೋಗಲು ದಾರಿ ಮಾಡಿದೆ. ನನ್ನ ಪ್ರಕಾರ ಫ್ರಾಸ್ಟ್ ವಿಷಯದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಎರಡನೆಯದು, ಪ್ರೂನಿಂಗ್ (ಬಳ್ಳಿ ಸವರುವುದು) ತಡ ಮಾಡುವುದು. ಜುಲೈನಲ್ಲಿ ಒರಟಾಗಿ ಸವರಿ, ಕೊನೆಯ ಕತ್ತರಿ ಕೆಲಸವನ್ನು ಮೊಗ್ಗು ಉಬ್ಬುವವರೆಗೆ ಬಿಡುತ್ತೇನೆ. ಇದರಿಂದ ಬುಡದ ಮೊಗ್ಗುಗಳು ಒಡೆಯುವುದು ಒಂದು ವಾರವಾದರೂ ಹಿಂದೆ ಹೋಗುತ್ತದೆ. ಮೂರನೆಯದು, ಫ್ರಾಸ್ಟ್ ಕಾಲಕ್ಕೆ ಮುಂಚೆ ಹುಲ್ಲನ್ನು ನೆಲಕ್ಕಂಟುವಷ್ಟು ಕತ್ತರಿಸುವುದು. ಗಟ್ಟಿಯಾದ, ತೇವ ಇರುವ ನೆಲ ಹಗಲಿನ ಶಾಖ ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಉದ್ದ ಹುಲ್ಲಿದ್ದರೆ ಅದು ಆಗುವುದಿಲ್ಲ.

ಆಕಾಶ ತಿಳಿಯಾಗಿ ಗಾಳಿ ಸತ್ತ ರಾತ್ರಿಗಳಲ್ಲಿ ಮಲಗಲು ಆಗುವುದಿಲ್ಲ. ಮೊಬೈಲ್‌ನಲ್ಲಿ ಕಾಣುವ ಹವಾಮಾನದ ಲೆಕ್ಕ ನಂಬಬೇಡಿ. ಅದು ನೆರಳಿನ ಪೆಟ್ಟಿಗೆಯೊಳಗೆ, ನೆಲದಿಂದ ಒಂದು ಮೀಟರ್‌ಗಿಂತ ಮೇಲೆ ಅಳೆದದ್ದು. ನನ್ನ ಥರ್ಮಾಮೀಟರ್ ಬಳ್ಳಿಯ ತಂತಿಗೇ ಕಟ್ಟಿದ್ದೇನೆ, ಮೇಲೆ ಮರೆಯಿಲ್ಲದೆ. ಅಲ್ಲಿ ಒಂದು ಡಿಗ್ರಿ ತೋರಿಸಿದರೆ ಪಕ್ಕದ ತೋಟದವರು ಫ್ಯಾನ್ ಹಾಕುತ್ತಾರೆ. ಎತ್ತರದ ಕಂಬದ ಮೇಲೆ ವಿಮಾನದ ರೆಕ್ಕೆಯಂಥ ಫ್ಯಾನ್. ನೆಲದ ಬಳಿ ತಣ್ಣಗಿದ್ದರೂ ಮೇಲಿನ ಪದರದ ಗಾಳಿ ಬೆಚ್ಚಗಿರುತ್ತದೆ. ಫ್ಯಾನ್ ಅದನ್ನು ಕೆಳಗೆಳೆದು ಬೆರೆಸುತ್ತದೆ. ಅದರ ಗಾಳಿ ನನ್ನ ಮೇಲಿನ ಸಾಲುಗಳಿಗೂ ತಲುಪುತ್ತದೆ, ಅದಕ್ಕೆ ಡೀಸೆಲ್ ಖರ್ಚಿನಲ್ಲಿ ನಾನೂ ಪಾಲು ಕೊಡುತ್ತೇನೆ.

ರೋಗದ ಕತೆ ಚಿಕ್ಕದು. ಡೌನಿ ಅನ್ನುವ ಬೂಷ್ಟು ರೋಗಕ್ಕೆ ಇಲ್ಲಿ ಎಲ್ಲರೂ ಹೇಳುವ ಸೂತ್ರ ಇದೆ. 10 ಮಿಲಿಮೀಟರ್ ಮಳೆ, 10 ಡಿಗ್ರಿಗಿಂತ ಹೆಚ್ಚು ಉಷ್ಣತೆ, 24 ಗಂಟೆ. ಮೂರೂ ಕೂಡಿದರೆ ಸಿಂಪಡಣೆಗೆ ತಯಾರಾಗಬೇಕು. ಬೂದಿ ರೋಗಕ್ಕೆ ಗಂಧಕ. ಹಕ್ಕಿಗಳಿಗೆ ಬಲೆ. ಸಿಲ್ವರ್‌ಐ ಅನ್ನೋ ಪುಟ್ಟ ಹಕ್ಕಿ ಕಾಯಿಗೆ ಒಂದೇ ತೂತು ಮಾಡಿ ಹೋಗುತ್ತದೆ, ಆ ತೂತಿನಿಂದ ಇಡೀ ಗೊಂಚಲು ಕೊಳೆಯುತ್ತದೆ. ಹಾಗಾಗಿ ಬಲೆಯ ಅಂಚನ್ನು ಕೆಳಗೆ ಸರಿಯಾಗಿ ಕ್ಲಿಪ್ ಹಾಕಿ ಮುಚ್ಚಲೇಬೇಕು.

ಕೊಯ್ಯುವ ದಿನ ಗೊತ್ತುಮಾಡುವುದು ನನಗೆ ತುಂಬಾ ಇಷ್ಟದ ಕೆಲಸ. ಇಲ್ಲಿ ಸಕ್ಕರೆಯನ್ನು ಬೋಮೆ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಬೋಮೆ ಅಂದರೆ ಹೆಚ್ಚುಕಡಿಮೆ ವೈನ್‌ನಲ್ಲಿ ಒಂದು ಶೇಕಡಾ ಆಲ್ಕೋಹಾಲ್. 12ರಿಂದ 12.5ರ ನಡುವೆ ಕೊಯ್ಯಬೇಕು ಅಂತ ನನ್ನ ಗುರಿ. ಹುಳಿಯ ಅಳತೆಯಾದ ಪಿಎಚ್ 3.2 ಆಸುಪಾಸು ಇರಬೇಕು. ಆದರೆ ಅಂಕಿ ಮಾತ್ರ ನೋಡಿದರೆ ಆಗುವುದಿಲ್ಲ, ಅಲ್ವಾ? ಸಾಲಿನ ಎರಡೂ ಕಡೆಯಿಂದ, ಗೊಂಚಲಿನ ಮೇಲಿನಿಂದಲೂ ತುದಿಯಿಂದಲೂ ಕಾಯಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತೇನೆ. ಮೊದಲು ರಸ ನುಂಗಿ, ಸಿಪ್ಪೆ ಅಗಿದು, ಆಮೇಲೆ ಬೀಜ ಉಗುಳಿ ನೋಡುತ್ತೇನೆ. ಬೀಜ ಹಸಿರಿದ್ದರೆ ಇನ್ನೂ ಬೇಡ. ಕಂದಾಗಿ, ಹಲ್ಲಿಗೆ ಕಟಕಟ ಅಂದರೆ ಹತ್ತಿರ ಬಂತು. ರಸದಲ್ಲಿ ಹಸಿ ಸೇಬಿನ ರುಚಿ ಹೋಗಿ ಬಿಳಿ ಪೀಚ್ ಹಣ್ಣಿನ ರುಚಿ ಬಂದ ದಿನ ವೈನರಿಗೆ ಫೋನ್ ಮಾಡುತ್ತೇನೆ.

ಕೊಯ್ಲು ಕೈಯಲ್ಲೇ, ಬೆಳಕು ಹರಿಯುವಾಗ. ಹಣ್ಣು ತಣ್ಣಗಿದ್ದಾಗಲೇ ಗೊಂಚಲು ಬಿಡಿಸದೆ ರಸ ಹಿಂಡುವ ಪ್ರೆಸ್‌ಗೆ ಹಾಕುತ್ತೇವೆ. ಹಾಗೆ ಮಾಡಿದರೆ ಸಿಪ್ಪೆಯ ಒಗರು ರಸಕ್ಕೆ ಇಳಿಯುವುದು ಕಡಿಮೆ. ರಸ ಹಳೆಯ ಫ್ರೆಂಚ್ ಓಕ್ ಪೀಪಾಯಿಗಳಲ್ಲಿ ಹುದುಗುತ್ತದೆ. ಹೊಸ ಓಕ್ ನನಗೆ ಬೇಡ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಹುಳಿಯ ಮೇಲೆ ವೆನಿಲಾ ಯಾಕೆ ಸುರಿಯಬೇಕು? ಕೆಲವು ಪೀಪಾಯಿಗಳಲ್ಲಿ ಮಾತ್ರ ಮ್ಯಾಲಿಕ್ ಆಮ್ಲ ಮೃದುವಾದ ಲ್ಯಾಕ್ಟಿಕ್ ಆಗಲು ಬಿಡುತ್ತೇವೆ, ಆಮೇಲೆ ಬೆರೆಸುತ್ತೇವೆ. ಬಾಟಲಿಗೆ ಸ್ಕ್ರೂ ಕ್ಯಾಪ್.

2020ರ ಮಾತು ಹೇಳದೆ ಇರಲಾರೆ. 2019-20ರ ಬೇಸಿಗೆಯ ಕಾಡ್ಗಿಚ್ಚಿನ ಹೊಗೆ ವಾರಗಟ್ಟಲೆ ನಮ್ಮ ಮೇಲೆ ನಿಂತಿತ್ತು. ಹೊಗೆಯ ಅಂಶ ಕಾಯಿಯೊಳಗೆ ಸಕ್ಕರೆಗೆ ಅಂಟಿಕೊಂಡು ಕೂರುತ್ತದೆ. ಹಣ್ಣು ತಿಂದರೆ ಗೊತ್ತಾಗುವುದಿಲ್ಲ. ಹುದುಗಿದಾಗ, ಕುಡಿದ ಮೇಲೆ ಬಾಯಲ್ಲಿ, ಬೂದಿಯ ರುಚಿಯಾಗಿ ಹೊರಬರುತ್ತದೆ. ಬಕೆಟ್‌ನಲ್ಲಿ ಸ್ವಲ್ಪ ಹಣ್ಣು ಹುದುಗಿಸಿ ನೋಡಿದೆವು. ಆ ವರ್ಷ ಬಲೆ ಬಿಚ್ಚಿ ಹಣ್ಣನ್ನು ನೆಲಕ್ಕೆ ಬಿಟ್ಟೆ. ಪ್ರದೇಶದ ಎಷ್ಟೋ ತಯಾರಕರು ಆ ವರ್ಷದ ವೈನ್ ಮಾಡಲೇ ಇಲ್ಲ.

ಆರೆಂಜ್‌ನ ವೈನ್ ಕುಡಿದು ನೋಡುವ ಆಸೆ ಇದ್ದವರಿಗೆ ನನ್ನ ಸಲಹೆ, ಎತ್ತರ ಕೇಳಿ ಆರಿಸಿ. 850 ಮೀಟರ್‌ಗಿಂತ ಮೇಲಿನ ಶಾರ್ಡನೇ, ಪಿನೋ ನ್ವಾರ್, ನೊರೆಯ ವೈನ್‌ಗಳು ಬಿಗಿಯಾಗಿ, ಚುರುಕಾಗಿರುತ್ತವೆ. ಶಿರಾಜ್ ಅನ್ನುವ ಕೆಂಪು ತಳಿಗೆ ಸ್ವಲ್ಪ ಕೆಳಗೆ ಹುಡುಕಿ. ಅದರಲ್ಲಿ ಕರಿಮೆಣಸಿನ ಘಮ ಬಂದರೆ ಅದು ಬರೀ ಹೋಲಿಕೆ ಅಲ್ಲ. ಆ ಘಮಕ್ಕೆ ಕಾರಣ ರೊಟಂಡೋನ್ ಅನ್ನುವ ವಸ್ತು ಅಂತ ಆಸ್ಟ್ರೇಲಿಯನ್ ವೈನ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು 2008ರಲ್ಲಿ ತೋರಿಸಿದರು. ಕರಿಮೆಣಸಿನಲ್ಲಿ ಇರುವುದೂ ಅದೇ. ತಣ್ಣನೆಯ ಜಾಗದ ಶಿರಾಜ್‌ನಲ್ಲಿ ಅದು ಜಾಸ್ತಿ. ಈಗ 750 ಮೀಟರ್‌ನಲ್ಲಿ ಒಂದು ಶಿರಾಜ್ ತುಂಡು ಗುತ್ತಿಗೆಗೆ ಬರುತ್ತಿದೆ. ಬರುವ ಚಳಿಗಾಲದಲ್ಲಿ ಅಲ್ಲಿನ ಹುಲ್ಲು ಎಲ್ಲೆಲ್ಲಿ ಬೆಳ್ಳಗಾಗುತ್ತದೆ ಅಂತ ನೋಡಿಕೊಂಡು ಬಂದು ಆಮೇಲೆ ಸಹಿ ಹಾಕುತ್ತೇನೆ.