ಹೃದಯದ ರಕ್ತನಾಳದಲ್ಲಿ ಬ್ಲಾಕ್: ರಕ್ತಪರೀಕ್ಷೆಯ ರಿಪೋರ್ಟ್ ಓದುವುದು ಹೇಗೆ?

‘ರಕ್ತ ಪರೀಕ್ಷೆ ಮಾಡಿಸಿದ್ದೇನೆ, ಎಲ್ಲಾ ನಾರ್ಮಲ್. ಹಾರ್ಟಲ್ಲಿ ಬ್ಲಾಕ್ ಇಲ್ಲ’ ಎಂದು ನಿಶ್ಚಿಂತೆಯಿಂದ ಇರುವವರು ಬಹಳ ಮಂದಿ. ಆ ನಿಶ್ಚಿಂತೆಗೆ ರಿಪೋರ್ಟ್ ಒಂದೇ ಆಧಾರವಾದರೆ ಸಾಲದು. ಹೃದಯಕ್ಕೆ ರಕ್ತ ಒಯ್ಯುವ ನಾಳ ಶೇ 30ರಷ್ಟು ಕಿರಿದಾಗಿದೆಯೋ ಶೇ 70ರಷ್ಟೋ ಎಂದು ಅಳೆದು ಹೇಳುವ ರಕ್ತಪರೀಕ್ಷೆ ಯಾವುದೂ ಬಳಕೆಯಲ್ಲಿಲ್ಲ. ರಕ್ತದಿಂದ ತಿಳಿಯುವುದು ಬೇರೆ ಮೂರು ಸಂಗತಿ: ನಾಳದ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಳ್ಳುವ ಅಪಾಯ ಎಷ್ಟಿದೆ, ಹೃದಯದ ಸ್ನಾಯುವಿಗೆ ಈಗ ಪೆಟ್ಟು ಬಿದ್ದಿದೆಯೇ, ಹೃದಯದ ಮೇಲೆ ಒತ್ತಡ ಹೆಚ್ಚಾಗಿದೆಯೇ. ರಿಪೋರ್ಟಿನ ಯಾವ ಸಾಲು ಯಾವ ಪ್ರಶ್ನೆಗೆ ಉತ್ತರ ಎಂಬುದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯುತ್ತದೆ.

ಹೆಜ್ಜೆ 1: ನೋವಿದ್ದರೆ ಲ್ಯಾಬ್‌ಗೆ ಹೋಗಬೇಡಿ

ಎದೆ ಹಿಂಡಿದಂತಾಗುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು, ಬೆವರು, ಉಸಿರು ಕಟ್ಟುವುದು ಇದ್ದರೆ ಸೀದಾ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಬರೀ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಕಾಣಿಸಬಹುದು.

ಅಲ್ಲಿ ಮೊದಲು ಇಸಿಜಿ, ಜೊತೆಗೇ ಟ್ರೋಪೋನಿನ್ ಪರೀಕ್ಷೆ ನಡೆಯುತ್ತದೆ. ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗಿರುವ ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ನೋವು ಶುರುವಾದ ಕೂಡಲೇ ತೆಗೆದ ರಕ್ತದಲ್ಲಿ ಅದು ಕಾಣದೇ ಇರಬಹುದು. ಹಾಗಾಗಿ ಒಂದರಿಂದ ಮೂರು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ‘ಈಗ ತಾನೇ ತೆಗೆದಿರಲ್ಲ’ ಎಂದು ಸಿಡಿಮಿಡಿಗೊಳ್ಳಬೇಡಿ. ಈ ಪರೀಕ್ಷೆಯ ಜೀವಾಳವೇ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ. ಮೊದಲು 12, ಆಮೇಲೆ 13 ಬಂದರೆ ಒಂದು ಅರ್ಥ: ಮಟ್ಟ ಹೆಚ್ಚುಕಡಿಮೆ ಹಾಗೇ ಇದೆ. ಮೊದಲು 12, ಆಮೇಲೆ 60 ಬಂದರೆ ಇನ್ನೊಂದೇ ಅರ್ಥ: ಸ್ನಾಯುವಿಗೆ ಈಗಷ್ಟೇ ಪೆಟ್ಟಾಗುತ್ತಿದೆ. ಕಿಡ್ನಿ ಕಾಯಿಲೆ ಇರುವವರಲ್ಲಿ ಟ್ರೋಪೋನಿನ್ ಸದಾ ಸ್ವಲ್ಪ ಹೆಚ್ಚೇ ಇರುವುದುಂಟು. ಹೃದಯ ಸ್ನಾಯುವಿನ ಉರಿಯೂತ, ತೀವ್ರ ಸೋಂಕು, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಕೂಡ ಅದನ್ನು ಏರಿಸುತ್ತವೆ.

ಇಲ್ಲಿ ಒಂದು ಮಾತು ನೆನಪಿರಲಿ. ಕೂದಲು, ಉಗುರಿಗೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಕೆಲವು ಬಗೆಯ ಟ್ರೋಪೋನಿನ್ ಪರೀಕ್ಷೆಗಳಲ್ಲಿ ಅದು ಫಲಿತಾಂಶವನ್ನು ತಪ್ಪಾಗಿ ಕಡಿಮೆ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ಹೆಜ್ಜೆ 2: ಆರೋಗ್ಯವಾಗಿದ್ದಾಗ ಮಾಡಿಸುವ ಪರೀಕ್ಷೆಗಳು

ಜ್ವರ, ಸೋಂಕು ಇರುವಾಗ ಬೇಡ. ಗುಣವಾದ ಮೇಲೆ ಕೆಲವು ವಾರ ಬಿಟ್ಟು ಮಾಡಿಸಿ. ರಕ್ತದ ಕೊಬ್ಬಿನಂಶ ನೋಡುವ ಲಿಪಿಡ್ ಪ್ರೊಫೈಲ್‌ಗೆ ಈಗ ಎಲ್ಲರೂ ಖಾಲಿ ಹೊಟ್ಟೆಯಲ್ಲೇ ಬರಬೇಕೆಂದೇನಿಲ್ಲ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಬಹಳ ಹೆಚ್ಚು ಬಂದರೆ ಮಾತ್ರ ಉಪವಾಸವಿದ್ದು ಮತ್ತೆ ಮಾಡಿಸಬೇಕಾಗುತ್ತದೆ.

ಹೆಜ್ಜೆ 3: ಲಿಪಿಡ್ ಸಾಲುಗಳನ್ನು ಓದಿ

ಒಟ್ಟು ಕೊಲೆಸ್ಟ್ರಾಲ್ 210, ಎಚ್‌ಡಿಎಲ್ (‘ಒಳ್ಳೆಯ’ ಕೊಲೆಸ್ಟ್ರಾಲ್) 38, ಟ್ರೈಗ್ಲಿಸರೈಡ್ 180 ಎಂದಿಟ್ಟುಕೊಳ್ಳಿ (ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ). ಎಷ್ಟೋ ಲ್ಯಾಬ್‌ಗಳು ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಟ್ರೈಗ್ಲಿಸರೈಡನ್ನು 5ರಿಂದ ಭಾಗಿಸಿದರೆ 36. 210ರಿಂದ 38 ಮತ್ತು 36 ಕಳೆದರೆ ಎಲ್‌ಡಿಎಲ್ 136. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ.

ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಮಾತ್ರ ಕಳೆದು ನೋಡಿ: 172. ಇದು ನಾನ್-ಎಚ್‌ಡಿಎಲ್. ನಾಳದ ಗೋಡೆಗೆ ಸೇರಿಕೊಳ್ಳಬಲ್ಲ ಎಲ್ಲ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಬರುವುದರಿಂದ, ಸಕ್ಕರೆ ಕಾಯಿಲೆ ಅಥವಾ ಬೊಜ್ಜು ಇರುವವರು ಈ ಸಂಖ್ಯೆಯನ್ನು ಅಲಕ್ಷಿಸಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ. ಆ ಕಣಗಳಲ್ಲಿರುವ ಅಪೊ-ಬಿ ಎಂಬ ಪ್ರೋಟೀನಿನ ಪರೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ: ಅಂಥ ಪ್ರತಿ ಕಣದಲ್ಲೂ ಒಂದೇ ಒಂದು ಅಪೊ-ಬಿ ಇರುವುದರಿಂದ ಅದು ಕಣಗಳನ್ನೇ ಎಣಿಸಿದ ಹಾಗೆ.

ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ‘ನಾರ್ಮಲ್’ ಮಿತಿ ಎಲ್ಲರಿಗೂ ಒಂದೇ ಅಲ್ಲ. ಒಮ್ಮೆ ಹೃದಯಾಘಾತ ಆದವರಿಗೆ ಎಲ್‌ಡಿಎಲ್ 70ರ ಒಳಗೆ, ಯುರೋಪಿನ 2019ರ ಮಾರ್ಗಸೂಚಿಯ ಪ್ರಕಾರ 55ರ ಒಳಗೆ ಇರಬೇಕು. ಅವರ ರಿಪೋರ್ಟಿನಲ್ಲಿ 98 ಎಂಬ ಸಂಖ್ಯೆಗೆ ಕೆಂಪು ಗುರುತು ಇಲ್ಲದಿದ್ದರೂ ಅದು ಹೆಚ್ಚೇ.

ಹೆಜ್ಜೆ 4: ಜೀವಮಾನದಲ್ಲಿ ಒಮ್ಮೆ ಲೈಪೊಪ್ರೋಟೀನ್-ಎ

ಲೈಪೊಪ್ರೋಟೀನ್-ಎ ಎಂದರೆ ಎಲ್‌ಡಿಎಲ್‌ನಂತೆಯೇ ಕೊಲೆಸ್ಟ್ರಾಲ್ ಹೊರುವ ಒಂದು ಕಣ. ಬಹಳ ಜನ ಮಾಡಿಸದೇ ಬಿಡುವ ಪರೀಕ್ಷೆ ಇದು. ಇದರ ಮಟ್ಟ ಬಹುಪಾಲು ಅಪ್ಪ ಅಮ್ಮನಿಂದಲೇ ಬರುತ್ತದೆ. ಪಥ್ಯ, ವ್ಯಾಯಾಮದಿಂದ ಅಷ್ಟಾಗಿ ಬದಲಾಗುವುದಿಲ್ಲ. ಅದಕ್ಕೇ ಹೆಚ್ಚಿನವರಿಗೆ ಒಮ್ಮೆ ನೋಡಿದರೆ ಸಾಕು. ಡೆಸಿಲೀಟರಿಗೆ 50 ಮಿಲಿಗ್ರಾಂ ಅಥವಾ ಲೀಟರಿಗೆ 125 ನ್ಯಾನೊಮೋಲ್ ದಾಟಿದರೆ ಅಪಾಯ ಹೆಚ್ಚು. ಯಾವ ಅಳತೆಯಲ್ಲಿ ಕೊಟ್ಟಿದ್ದಾರೆ ಎಂದು ನೋಡಿಕೊಳ್ಳಿ, ಒಂದನ್ನು ಇನ್ನೊಂದಕ್ಕೆ ಸರಿಯಾಗಿ ಪರಿವರ್ತಿಸಲು ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಇದನ್ನು ಕೇಳಿ ಮಾಡಿಸಿ. ಹೆಚ್ಚು ಬಂದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ತಿಳಿಸಿ.

ಹೆಜ್ಜೆ 5: ಉಳಿದವು

ಎಚ್‌ಎಸ್-ಸಿಆರ್‌ಪಿ ದೇಹದೊಳಗಿನ ಉರಿಯೂತದ ಸುಳಿವು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. 10 ದಾಟಿದರೆ ಎಲ್ಲೋ ಸೋಂಕಿರಬಹುದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುತ್ತದೆ, ಶೇ 6.5 ಮತ್ತು ಅದಕ್ಕಿಂತ ಹೆಚ್ಚು ಸಕ್ಕರೆ ಕಾಯಿಲೆಯ ಮಟ್ಟ. ಕ್ರಿಯಾಟಿನಿನ್ ಕಿಡ್ನಿಯ ಸ್ಥಿತಿಗೆ. ಹೃದಯ ಸ್ರವಿಸುವ ಬಿಎನ್‌ಪಿ ಎಂಬ ಹಾರ್ಮೋನ್ ಹೆಚ್ಚಾದರೆ ಹೃದಯದ ಮೇಲೆ ಒತ್ತಡವಿದೆ ಎಂದರ್ಥ, ಬ್ಲಾಕ್ ಇದೆ ಎಂದಲ್ಲ.

ಹೆಜ್ಜೆ 6: ವೈದ್ಯರ ಮುಂದೆ

ರಿಪೋರ್ಟಿನ ಜೊತೆ ವಯಸ್ಸು, ಬಿಪಿ, ತಂಬಾಕು ಅಭ್ಯಾಸ, ಮನೆತನದ ಕಾಯಿಲೆ ಎಲ್ಲವನ್ನೂ ಹೇಳಿ. ನಡೆದಾಗ ಎದೆ ಬಿಗಿದು, ನಿಂತಾಗ ಸಡಿಲವಾಗುತ್ತಿದ್ದರೆ ರಕ್ತದ ಸಂಖ್ಯೆಗಳು ಎಷ್ಟೇ ಚೆನ್ನಾಗಿರಲಿ, ನಾಳವನ್ನೇ ನೋಡುವ ಸಿಟಿ ಆಂಜಿಯೋಗ್ರಾಮ್ ಅಥವಾ ಹೃದಯಕ್ಕೆ ರಕ್ತ ಸಾಕಾಗುತ್ತಿದೆಯೇ ಎಂದು ನೋಡುವ ಪರೀಕ್ಷೆ ಬೇಕಾಗಬಹುದು. ‘ನನಗೆ ಯಾವುದು, ಯಾಕೆ?’ ಎಂದು ಕೇಳಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುವಾದರೆ 4ರಿಂದ 12 ವಾರದೊಳಗೆ ಲಿಪಿಡ್ ಮತ್ತೆ ನೋಡುತ್ತಾರೆ. ಆಗ ಎಲ್‌ಡಿಎಲ್ ಇಳಿದಿದೆ ಎಂದು ಮಾತ್ರೆ ನಿಲ್ಲಿಸಬೇಡಿ. ಇಳಿದದ್ದು ಮಾತ್ರೆಯಿಂದಲೇ, ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ.