ಓಪಿಐ ಫ್ಲ್ಯಾಗ್ ಬಿದ್ರೆ ಬಾಲ್ ಬಿಡಿ, ಮೊಣಕೈ ನೋಡಿ

ಕೋಲಾರದಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಫೈನಲ್, ಸೂಪರ್ ಬೌಲ್ ಅಂದ್ರೆ ಸೋಮವಾರ ಬೆಳಗಿನ ಜಾವ 5 ಗಂಟೆ, ಹೊರಗೆ ಟೊಮ್ಯಾಟೊ ಗಾಡಿಗಳು ಮಂಡಿ ಕಡೆ ಹೋಗ್ತಿರ್ತವೆ, ಒಳಗೆ ನಾವು ಮೂರು ಜನ ಟೀ ಹಿಡ್ಕೊಂಡು ಕಿತ್ತಾಡ್ತಿರ್ತೀವಿ. ಫೌಲ್ ಅಂತ ರೆಫರಿ ಎಸೆಯೋ ಹಳದಿ ಫ್ಲ್ಯಾಗ್ ಬಿತ್ತೋ ಇಲ್ವೋ "ಮುಟ್ಟಿದ ಗುರು, ಫೌಲು" ಅಂತ ಒಬ್ಬ ಕಿರುಚ್ತಾನೆ. ಬರೀ ಮುಟ್ಟಿದ್ರೆ ಫೌಲ್ ಅಲ್ಲ ಕಣ್ರೀ, ಮುಟ್ಟಿ ಏನ್ ಗಿಟ್ಟಿಸ್ಕೊಂಡ ಅಂತ ನೋಡ್ಬೇಕು.

ಓಪಿಐ, ಅಂದ್ರೆ ಅಫೆನ್ಸಿವ್ ಪಾಸ್ ಇಂಟರ್ಫಿಯರೆನ್ಸ್, ಪಾಸ್ ಹಾಕೋ ಟೀಮಿನವ್ರೇ (ಅಫೆನ್ಸ್) ಮಾಡೋ ಫೌಲು. ರಿಪ್ಲೇನಲ್ಲಿ ಪಾಸ್ ಹಿಡಿಯೋಕೆ ಓಡೋ ರಿಸೀವರ್ ಮೊಣಕೈ ಮೇಲೆ ಕಣ್ಣಿಡಿ. ಅವನೂ ಅವನನ್ನ ತಡೆಯೋ ಡಿಫೆಂಡರೂ ಕೈ ಮಡಚಿಕೊಂಡೇ ತಳ್ಳಾಡ್ತಿದ್ರೆ ಸಾಮಾನ್ಯವಾಗಿ ಬಿಟ್ಬಿಡ್ತಾರೆ. ಆದ್ರೆ ತಿರುಗೋ ಹೊತ್ತಿಗೆ ಸರಿಯಾಗಿ ಮೊಣಕೈ ನೆಟ್ಟಗಾಗಿ, ಅಂಗೈ ಡಿಫೆಂಡರ್ ಎದೆಗೆ ಬಿದ್ದು, ಅವನು ಹಿಮ್ಮಡಿ ಮೇಲೆ ವಾಲಿ, ಇಬ್ರ ಮಧ್ಯೆ ಒಂದು ಹೆಜ್ಜೆ ಜಾಗ ಆಯ್ತಾ, ಅದು ಓಪಿಐ. ಒಂದ್ಸಲ ಫುಲ್ ಸ್ಪೀಡಲ್ಲೂ ನೋಡಿ, ಸ್ಲೋ ಮೋಷನ್‌ನಲ್ಲಿ ಸುಮ್ನೆ ತಾಗಿದ್ದೂ ನೂಕಿದ ಹಾಗೇ ಕಾಣುತ್ತೆ.

ಇನ್ನೊಂದು ಪಿಕ್ ಪ್ಲೇ. ನಮ್ಮ ಬಸ್‌ಸ್ಟ್ಯಾಂಡಲ್ಲಿ ಬೆಂಗಳೂರು ಬಸ್ ಬಂದಾಗ ಒಬ್ಬ ಬಾಗಿಲಿಗೆ ಅಡ್ಡ ನಿಂತ್ಕೋತಾನೆ, ಅವನ ಫ್ರೆಂಡು ಒಳಗೆ ನುಗ್ಗಿ ಸೀಟಿಗೆ ಟವೆಲ್ ಹಾಕ್ತಾನೆ ನೋಡಿ, ಥೇಟ್ ಅದೇ. ಬಾಲ್ ಬರದೇ ಇರೋ ರಿಸೀವರ್ ತನ್ನ ಪಾಡಿಗೆ ಓಡ್ತಿರುವಾಗ ಡಿಫೆಂಡರೇ ಬಂದು ಗುದ್ಕೊಂಡ್ರೆ ಪರವಾಗಿಲ್ಲ, ಇವನೇ ದಾರಿ ಬಿಟ್ಟು ಹೋಗಿ ಅಡ್ಡ ಹಾಕಿದ್ರೆ ಫೌಲು. ಇಲ್ಲಿ ಜಾಗ ಮುಖ್ಯ, ಪ್ರತಿ ಸಲ ಬಾಲ್ ಇಟ್ಟು ಆಟ ಶುರು ಮಾಡೋ ಗೆರೆ, ಲೈನ್ ಆಫ್ ಸ್ಕ್ರಿಮೇಜ್‌ನಿಂದ 1 ಯಾರ್ಡ್ ಒಳಗಿನ ಬ್ಲಾಕ್ ನಡೆಯುತ್ತೆ, ಅದು ದಾಟಿದ್ರೆ ಇಲ್ಲ. ಪಾಸ್ ಲೈನ್ ದಾಟದೇ ಇದ್ರೆ, ಅಂದ್ರೆ ಹಿಂದೆಯೇ ಹಿಡಿಯೋ ಸ್ಕ್ರೀನ್ ಪಾಸ್ ಆದ್ರೆ, ಓಪಿಐ ಮಾತೇ ಬರಲ್ಲ.

ಟೈಮ್ ವಿಷಯದಲ್ಲಿ ನಾನೇ ಎಷ್ಟೋ ದಿನ ತಪ್ಪು ತಿಳ್ಕೊಂಡಿದ್ದೆ. ಎನ್‌ಎಫ್‌ಎಲ್‌ನಲ್ಲಿ ಡಿಫೆನ್ಸ್‌ಗೆ ಈ ರೂಲು ಶುರುವಾಗೋದು ಪಾಸ್ ಹಾಕೋನ ಕೈಯಿಂದ ಬಾಲ್ ಹೊರಟ ಮೇಲೆ, ಅಫೆನ್ಸ್‌ಗೆ ಸ್ನ್ಯಾಪ್ ಆದ, ಅಂದ್ರೆ ಬಾಲ್ ಹಿಂದಕ್ಕೆ ಕೊಟ್ಟು ಆಟ ಶುರುವಾದ ಕ್ಷಣದಿಂದ್ಲೇ. ಅದಕ್ಕೇ ಪಾಸ್ ಹಾಕೋಕೆ ಮುಂಚೆ ನಡೆದ ತಳ್ಳಾಟಕ್ಕೂ ಫ್ಲ್ಯಾಗ್ ಬೀಳುತ್ತೆ. ಇಬ್ರೂ ಬಾಲ್ ನೋಡ್ತಾ ಹಾರಿ ಡಿಕ್ಕಿ ಹೊಡೆದ್ರೆ ಮಾತ್ರ ಬಿಡಿ, ಬಾಲ್ ಮೇಲೆ ಇಬ್ರಿಗೂ ಹಕ್ಕಿದೆ.

ಶಿಕ್ಷೆ ಎನ್‌ಎಫ್‌ಎಲ್‌ನಲ್ಲಿ 10 ಯಾರ್ಡ್ ಹಿಂದಕ್ಕೆ, ಕಾಲೇಜಲ್ಲಿ 15, ಡೌನ್, ಅಂದ್ರೆ ಆ ಸರದಿ, ಮತ್ತೆ ಆಡ್ಬೇಕು. ಕೋಚ್ ಯಾಕೆ ಚಾಲೆಂಜ್ ಮಾಡ್ತಿಲ್ಲ ಅಂತ ಕೇಳ್ಬೇಡಿ, ಆ ಅವಕಾಶ 2019ರ ಸೀಸನ್ನಿಗೆ ಮಾತ್ರ ಕೊಟ್ಟು ಆಮೇಲೆ ತೆಗೆದ್ಬಿಟ್ರು.